ಮಾರ್ಕ್ಸ್ ಕಾರ್ಡ್‌ಗೆ ಸಹಿ ಹಾಕುವ ಮುಂಚೆ: ಶಾಲೆ ಮಗುವನ್ನು ಅಳೆಯೋದು ಹೇಗೆ, ಮನೆಗೆ ಹೇಳೋದು ಎಷ್ಟು?

2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಶಾಲೆಗಳ ಬಗ್ಗೆ ಒಂದು ಆದೇಶ ಕೊಟ್ಟಿತು. 5, 8 ಮತ್ತು 9ನೇ ತರಗತಿಯ ಮಕ್ಕಳು ಆಗಷ್ಟೇ ಬರೆದು ಮುಗಿಸಿದ್ದ ಬೋರ್ಡ್ ಮಾದರಿ ಪರೀಕ್ಷೆಯ ಫಲಿತಾಂಶವನ್ನು ತಡೆಹಿಡಿಯಬೇಕು, ಅದನ್ನು ಯಾವುದಕ್ಕೂ ಬಳಸಬಾರದು, ಪೋಷಕರಿಗೂ ತಿಳಿಸಬಾರದು ಅನ್ನೋದು ಅದರ ಸಾರ. ಆ ಆದೇಶಕ್ಕೆ ಕಾನೂನಿನ ಕಾರಣಗಳಿದ್ದವು, ಅದನ್ನು ಮುಂದೆ ನೋಡೋಣ. ಸದ್ಯಕ್ಕೆ ಆಗಿದ್ದನ್ನಷ್ಟೇ ಗಮನಿಸಿ. ಮಕ್ಕಳು ಪರೀಕ್ಷೆ ಬರೆದರು. ಮೇಷ್ಟ್ರುಗಳು ತಿದ್ದಿದರು. ಮನೆಗೆ ಮಾತ್ರ ಏನೂ ಗೊತ್ತಾಗಲಿಲ್ಲ.

ಆ ವರ್ಷ ಅದು ಕೋರ್ಟ್ ಆದೇಶದಿಂದ ಆಯ್ತು. ಉಳಿದ ವರ್ಷಗಳಲ್ಲಿ ಯಾರ ಆದೇಶವೂ ಇಲ್ಲದೆ ಹೆಚ್ಚು ಕಡಿಮೆ ಹೀಗೇ ನಡೆಯುತ್ತೆ. ನಮ್ಮ ಶಾಲೆಗಳು ಒಂದು ಮಗುವನ್ನು ವರ್ಷಕ್ಕೆ ಕನಿಷ್ಠ ಆರು ಸಲ ಅಳೆಯುತ್ತವೆ. ಆ ಅಳತೆ ಇಲಾಖೆಗೆ ಹೋಗುತ್ತೆ, ರಿಜಿಸ್ಟರ್‌ಗೆ ಹೋಗುತ್ತೆ, ಆನ್‌ಲೈನ್ ದಾಖಲೆಗೆ ಹೋಗುತ್ತೆ. ಅಪ್ಪ ಅಮ್ಮನ ಕೈಗೆ ಬರೋದು ಒಂದು ಅಕ್ಷರ ಅಥವಾ ಒಂದು ನಂಬರ್, ಅದರ ಕೆಳಗೆ ಸಹಿ ಹಾಕೋಕೆ ಒಂದು ಗೆರೆ. ಈ ಅಳತೆ ಹೇಗೆ ನಡೆಯುತ್ತೆ, ಅದರಲ್ಲಿ ಮನೆಗೆ ಬರಬೇಕಾದ್ದು ಏನು, ಬಾರದಿದ್ದರೆ ಏನು ಕೇಳಬೇಕು ಅನ್ನೋದನ್ನು ಇಲ್ಲಿ ಒಂದೊಂದಾಗಿ ಬಿಡಿಸಿಟ್ಟಿದ್ದೇನೆ.

ಹೆಗ್ಗನಹಳ್ಳಿಯಿಂದ ನೋಡಿದರೆ

ಇದನ್ನು ನಾನು ಹೆಗ್ಗನಹಳ್ಳಿಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಮಾಗಡಿ ರಸ್ತೆಯ ಸುಂಕದಕಟ್ಟೆ ಒಂದು ಕಡೆ, ಪೀಣ್ಯ ಕೈಗಾರಿಕಾ ಪ್ರದೇಶ ಇನ್ನೊಂದು ಕಡೆ. ನಡುವೆ ಸಣ್ಣ ಸೈಟುಗಳು, ಮೂರು ನಾಲ್ಕು ಮಹಡಿಯ ಬಾಡಿಗೆ ಮನೆಗಳು, ನೆಲಮಹಡಿಯಲ್ಲಿ ಲೇತ್ ಮಷೀನು, ಪವರ್ ಪ್ರೆಸ್ಸು. ಬೆಳಗ್ಗೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಶಿಫ್ಟ್ ಮುಗಿಸಿ ಬರುವ ಗಂಡಸರು. ತುಮಕೂರು, ಮಂಡ್ಯ, ಹಾಸನದಿಂದ ಬಂದವರಿದ್ದಾರೆ, ರಾಯಚೂರು, ಕಲಬುರಗಿ, ಯಾದಗಿರಿಯಿಂದ ಬಂದವರಿದ್ದಾರೆ, ಈಚೆಗೆ ಉತ್ತರ ಭಾರತದಿಂದ ಬಂದ ಕುಟುಂಬಗಳೂ ಇವೆ.

ಇಂಥ ಕಡೆ ಶಾಲೆಯ ಮೀಟಿಂಗಿಗೆ ಯಾರು ಹೋಗ್ತಾರೆ? ಅಪ್ಪ ಅಮ್ಮನಿಗಿಂತ ಹೆಚ್ಚಾಗಿ ಅಕ್ಕ, ಅಣ್ಣ, ಚಿಕ್ಕಪ್ಪ, ಚಿಕ್ಕಮ್ಮ. ಅಂದ್ರೆ ಇದನ್ನು ಓದುತ್ತಿರುವ ನೀವು. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರೇ ಪ್ರೋಗ್ರೆಸ್ ಕಾರ್ಡ್ ಓದಿ ಹೇಳಬೇಕು, ಅವರೇ ಮಿಸ್ ಹತ್ತಿರ ಮಾತಾಡಬೇಕು. 'ನಿಂಗೆ ಗೊತ್ತಾಗುತ್ತೆ, ನೀನೇ ಹೋಗ್ಬಾರಪ್ಪ' ಅನ್ನೋ ಮಾತು ಕೇಳದ ಪದವೀಧರರು ಈ ಭಾಗದಲ್ಲಿ ಕಡಿಮೆ. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ನೆಂಟರ, ಪರಿಚಯದವರ ಮಕ್ಕಳ ಕಾರ್ಡುಗಳು ನನ್ನ ಕೈಗೂ ಬರುತ್ತವೆ. ನೋಡಿ ಹೇಳೋದು ಸುಲಭ ಅಂತ ಎಲ್ಲರೂ ಅಂದುಕೊಂಡಿರ್ತಾರೆ. ಆದರೆ ಆ ಕಾರ್ಡಿನಲ್ಲಿ ಮಗುವಿಗೆ ಏನು ಬರುತ್ತೆ, ಏನು ಬರಲ್ಲ ಅನ್ನೋದೇ ಇರಲ್ಲ.

ಕಾನೂನು ಏನು ಹೇಳುತ್ತೆ?

ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ ನಾವೆಲ್ಲ ಆರ್‌ಟಿಇ ಅಂತ ಕರೆಯೋದು, 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಖಾಸಗಿ ಶಾಲೆಗಳ ಶೇ. 25 ಸೀಟಿನ ವಿಷಯ ಬಿಟ್ಟರೆ ಈ ಕಾಯ್ದೆಯ ಉಳಿದ ಭಾಗ ಹೆಚ್ಚು ಚರ್ಚೆಗೆ ಬರಲೇ ಇಲ್ಲ. ನಮ್ಮ ವಿಷಯಕ್ಕೆ ಬೇಕಾದ ಸೆಕ್ಷನ್‌ಗಳು ಇವು.

ಸೆಕ್ಷನ್ 29: ಮಗುವಿನ ಕಲಿಕೆಯನ್ನು ನಿರಂತರವಾಗಿ, ಎಲ್ಲ ದಿಕ್ಕಿನಿಂದ ಅಳೆಯಬೇಕು. ವರ್ಷದ ಕೊನೆಯ ಒಂದು ಪರೀಕ್ಷೆಯಿಂದ ತೀರ್ಮಾನ ಮಾಡಬಾರದು. 'ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ', ಅಂದ್ರೆ ಸಿಸಿಇ, ಇಲ್ಲಿಂದ ಬಂದದ್ದು.

ಸೆಕ್ಷನ್ 30: ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸ್ ಮಾಡಬೇಕಾಗಿಲ್ಲ.

ಸೆಕ್ಷನ್ 16: ಮೊದಲು ಎಂಟರವರೆಗೆ ಯಾರನ್ನೂ ಅದೇ ತರಗತಿಯಲ್ಲಿ ಕೂರಿಸುವಂತಿರಲಿಲ್ಲ. 2019ರ ತಿದ್ದುಪಡಿ ಇದನ್ನು ಸಡಿಲಿಸಿತು. 5 ಮತ್ತು 8ನೇ ತರಗತಿಯಲ್ಲಿ ವರ್ಷದ ಕೊನೆಗೆ ಪರೀಕ್ಷೆ ಇರಬೇಕು. ಫೇಲಾದವರಿಗೆ ಹೆಚ್ಚುವರಿ ಪಾಠ ಮಾಡಿ, ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ಕೊಡಬೇಕು. ಆಮೇಲೂ ಆಗದಿದ್ದರೆ ಏನು ಮಾಡಬೇಕು ಅನ್ನೋದು ಆಯಾ ಸರ್ಕಾರಕ್ಕೆ ಬಿಟ್ಟಿದ್ದು.

ಸೆಕ್ಷನ್ 24: ಬಹಳ ಜನಕ್ಕೆ ಗೊತ್ತಿಲ್ಲದ್ದು ಇದೇ. ಶಿಕ್ಷಕರ ಕರ್ತವ್ಯಗಳ ಪಟ್ಟಿಯಲ್ಲಿ ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸೋದೂ ಸೇರಿದೆ. ಹಾಜರಿ ಹೇಗಿದೆ, ಕಲಿಯುವ ಸಾಮರ್ಥ್ಯ ಹೇಗಿದೆ, ಕಲಿಕೆಯಲ್ಲಿ ಎಷ್ಟು ಮುಂದೆ ಬಂದಿದೆ ಅಂತ ತಿಳಿಸಬೇಕು. ಹಾಗಾಗಿ ಎಂಟನೇ ತರಗತಿವರೆಗೆ ಪ್ರೋಗ್ರೆಸ್ ಬಗ್ಗೆ ಹೇಳೋದು ಶಾಲೆ ಮಾಡುವ ಉಪಕಾರ ಅಲ್ಲ, ಕಾನೂನಿನ ಕೆಲಸ. ಕಾಯ್ದೆ ಕೇಳುತ್ತಿರೋದು ಗ್ರೇಡನ್ನಲ್ಲ, ಕಲಿಕೆಯ ಬಗ್ಗೆ ಮಾಹಿತಿಯನ್ನು.

ಸೆಕ್ಷನ್ 21: ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಪೋಷಕರೇ ಮುಕ್ಕಾಲು ಪಾಲು ಇರುವ ಸಮಿತಿ ಇರಬೇಕು, ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮಲ್ಲಿ ಇದು ಎಸ್‌ಡಿಎಂಸಿ. ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ ಅನ್ವಯಿಸಲ್ಲ. ಹೆಗ್ಗನಹಳ್ಳಿಯಂಥ ಕಡೆ ಗಲ್ಲಿಗೊಂದು ಖಾಸಗಿ ಶಾಲೆ ಇದೆ. ಅಲ್ಲಿ ಫೀಸ್ ಕಟ್ಟುವ ಪೋಷಕರಿಗೆ ಕೂತು ಪ್ರಶ್ನೆ ಕೇಳೋಕೆ ಕಾನೂನು ಕೊಟ್ಟ ಕುರ್ಚಿ ಇಲ್ಲ.

ಎಫ್‌ಎ, ಎಸ್‌ಎ: ಲೆಕ್ಕ ಹೇಗೆ?

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷವನ್ನು ಎರಡು ಭಾಗ ಮಾಡಿರ್ತಾರೆ. ಪ್ರತಿ ಭಾಗದಲ್ಲಿ ಎರಡು ರೂಪಣಾತ್ಮಕ ಮೌಲ್ಯಮಾಪನ, ಅದೇ ಎಫ್‌ಎ. ಕೊನೆಗೆ ಒಂದು ಸಂಕಲನಾತ್ಮಕ ಮೌಲ್ಯಮಾಪನ, ಅದು ಎಸ್‌ಎ. ಒಟ್ಟು ನಾಲ್ಕು ಎಫ್‌ಎ, ಎರಡು ಎಸ್‌ಎ. ಎಸ್‌ಎ-1 ದಸರಾ ರಜೆಗೆ ಮುಂಚೆ, ಎಸ್‌ಎ-2 ವರ್ಷದ ಕೊನೆಗೆ ಬರೋದು ವಾಡಿಕೆ.

ಒಂದರಿಂದ ಎಂಟರವರೆಗಿನ ಸಾಮಾನ್ಯ ಲೆಕ್ಕದಲ್ಲಿ ಪ್ರತಿ ಎಫ್‌ಎಗೆ 15, ಪ್ರತಿ ಎಸ್‌ಎಗೆ 20. ನಾಲ್ಕು ಹದಿನೈದಲೆ 60, ಎರಡು ಇಪ್ಪತ್ತಲೆ 40, ಒಟ್ಟು 100. ಇದನ್ನು ಗ್ರೇಡ್ ಮಾಡ್ತಾರೆ. 90ರಿಂದ 100 ಬಂದರೆ ಎ+, 70ರಿಂದ 89 ಎ, 50ರಿಂದ 69 ಬಿ+, 30ರಿಂದ 49 ಬಿ, 30ಕ್ಕಿಂತ ಕಡಿಮೆ ಆದರೆ ಸಿ.

ಎಫ್‌ಎ ಅಂದ್ರೆ ಬರೀ ಕಿರುಪರೀಕ್ಷೆ ಅಲ್ಲ. ಪ್ರಾಜೆಕ್ಟ್, ಚಟುವಟಿಕೆ, ಗುಂಪಿನಲ್ಲಿ ಮಾಡಿದ ಕೆಲಸ, ಬಾಯಿಪಾಠ, ಪ್ರಶ್ನೆಗೆ ಉತ್ತರ, ಎಲ್ಲ ಸೇರಬೇಕು. ಮಗು ಮಾಡಿದ ಕೆಲಸಗಳನ್ನು ಕೃತಿ ಸಂಪುಟ ಅನ್ನೋ ಫೈಲಿನಲ್ಲಿ ಜೋಡಿಸಿಡಬೇಕು. ಎಲ್ಲಿ ತಪ್ಪುತ್ತಿದೆ ಅಂತ ಪಾಠ ನಡೆಯುತ್ತಿರುವಾಗಲೇ ಹಿಡಿದು ಸರಿ ಮಾಡೋದು ಇದರ ಉದ್ದೇಶ.

ಹೈಸ್ಕೂಲಿಗೆ ಬಂದರೆ ಲೆಕ್ಕ ಬದಲಾಗುತ್ತೆ. ಪ್ರತಿ ಎಫ್‌ಎ 50 ಅಂಕಕ್ಕೆ ನಡೆಯುತ್ತೆ. ಎರಡು ಚಟುವಟಿಕೆಗೆ 15ರಂತೆ 30, ಕಿರುಪರೀಕ್ಷೆಗೆ 20. ನಾಲ್ಕು ಎಫ್‌ಎ ಸೇರಿ 200. ಅದನ್ನು ಇಳಿಸಿದರೆ ಎಸ್‌ಎಸ್‌ಎಲ್‌ಸಿಯ 20 ಆಂತರಿಕ ಅಂಕ. ಉಳಿದ 80ಕ್ಕೆ ಬೋರ್ಡ್ ಪರೀಕ್ಷೆ. ಪ್ರಥಮ ಭಾಷೆಗೆ ಮಾತ್ರ 25 ಮತ್ತು 100. ಒಟ್ಟು 625.

ಖಾಸಗಿ ಶಾಲೆಗಳಲ್ಲಿ ಯೂನಿಟ್ ಟೆಸ್ಟ್, ಮಿಡ್‌ಟರ್ಮ್, ಆನ್ಯುಯಲ್ ಅಂತ ಹೆಸರಿರಬಹುದು. ರಾಜ್ಯ ಪಠ್ಯಕ್ರಮ ಆದರೆ ದಾಖಲೆಗೆ ಅದು ಎಫ್‌ಎ, ಎಸ್‌ಎ ಆಗಿಯೇ ಹೋಗಬೇಕು. ಸಿಬಿಎಸ್‌ಇಯದ್ದು ಬೇರೆ ದಾರಿ. ಅದೂ ಒಂದಷ್ಟು ವರ್ಷ ಸಿಸಿಇ ನಡೆಸಿ, 2018ರಿಂದ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯನ್ನು ಎಲ್ಲರಿಗೂ ಮತ್ತೆ ಕಡ್ಡಾಯ ಮಾಡಿತು.

ಒಂದೇ ಬಿ+, ಇಬ್ಬರು ಬೇರೆ ಮಕ್ಕಳು

ಈಗ ಒಂದು ಸಣ್ಣ ಲೆಕ್ಕ ಮಾಡಿ. ಒಂದು ಮಗುವಿಗೆ ಪ್ರತಿ ಎಫ್‌ಎಯಲ್ಲಿ 15ಕ್ಕೆ 12, ಪ್ರತಿ ಎಸ್‌ಎಯಲ್ಲಿ 20ಕ್ಕೆ 6. ಕೂಡಿದರೆ 48 ಮತ್ತು 12, ಒಟ್ಟು 60. ಗ್ರೇಡ್ ಬಿ+.

ಇನ್ನೊಂದು ಮಗುವಿಗೆ ಪ್ರತಿ ಎಫ್‌ಎಯಲ್ಲಿ 7, ಪ್ರತಿ ಎಸ್‌ಎಯಲ್ಲಿ 16. ಕೂಡಿದರೆ 28 ಮತ್ತು 32, ಒಟ್ಟು 60. ಇದಕ್ಕೂ ಬಿ+.

ಮೊದಲನೇ ಮಗು ಕ್ಲಾಸಿನಲ್ಲಿ ಚುರುಕಾಗಿದೆ, ಚಟುವಟಿಕೆ ಮಾಡುತ್ತೆ, ಬರವಣಿಗೆಯ ಪರೀಕ್ಷೆ ಬಂದರೆ ಕುಸಿಯುತ್ತೆ. ಅಥವಾ ಎಫ್‌ಎ ಅಂಕ ಉದಾರವಾಗಿ ಬಿದ್ದಿದೆ, ನಿಜವಾಗಿ ಮಗುವಿಗೆ ಪಾಠ ಬರ್ತಿಲ್ಲ. ಎರಡನೇ ಮಗುವಿಗೆ ಓದು ಬರುತ್ತೆ. ಆದರೆ ಪ್ರಾಜೆಕ್ಟಿಗೆ ಚಾರ್ಟು, ಕಲರ್ ಪೇಪರ್ ತರೋಕೆ ದುಡ್ಡಿಲ್ಲ, ಅಥವಾ ತುಂಬ ರಜೆ ಹಾಕಿದೆ, ಅಥವಾ ಗುಂಪಿನಲ್ಲಿ ಬಾಯಿ ಬಿಡಲ್ಲ. ಇಬ್ಬರಿಗೂ ಬೇಕಾದ ಸಹಾಯ ಬೇರೆ ಬೇರೆ. ಕಾರ್ಡು ಹೇಳೋದು ಒಂದೇ: ಬಿ+.

ನನ್ನ ಹಳೇ ಓದಿನ ಭಾಷೆಯಲ್ಲಿ ಹೇಳೋದಾದರೆ, ಫೀಡ್‌ಬ್ಯಾಕ್ ಅನ್ನಿಸಿಕೊಳ್ಳಬೇಕಾದರೆ ಅಳತೆ ವಾಪಸ್ ಹೋಗಿ ಮುಂದಿನ ಕೆಲಸವನ್ನು ಬದಲಾಯಿಸಬೇಕು. ಅಳೆದು ಬರೆದಿಡೋದು ಬರೀ ಲಾಗ್. ನಮ್ಮ ಮೌಲ್ಯಮಾಪನ ಹೆಚ್ಚಿನ ಕಡೆ ಲಾಗ್ ಆಗಿ ನಿಂತಿದೆ. ಇಂಜಿನಿಯರಿಂಗ್ ಓದಿದ ಯಾರಿಗೂ ಇಂಟರ್ನಲ್ಸ್ ಹೇಗೆ ಬೀಳುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ರೆಕಾರ್ಡ್ ಬರೆದು ಕೊಟ್ಟರೆ ಅಂಕ ಬರುತ್ತೆ, ರೆಕಾರ್ಡಿನಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ಪ್ರೈಮರಿ ಸ್ಕೂಲಿನ ಎಫ್‌ಎ ಕೂಡ ಅಂಗಡಿಯಿಂದ ತಂದ ಚಾರ್ಟು, ಇಂಟರ್ನೆಟ್‌ನಿಂದ ತೆಗೆದ ಪ್ರಿಂಟೌಟು ಆಗಿಬಿಟ್ಟರೆ ಅದೇ ಕಥೆ.

ನಿಜವಾದ ಮಾಹಿತಿ ಇರೋದು ಎಲ್ಲಿ?

ಹಾಗಂತ ಶಾಲೆಗೆ ಏನೂ ಗೊತ್ತಿಲ್ಲ ಅಂತಲ್ಲ. ಗ್ರೇಡಿಗಿಂತ ಕೆಲಸಕ್ಕೆ ಬರುವ ಮಾಹಿತಿ ಶಾಲೆಯೊಳಗೇ ಇದೆ.

ಒಂದು, ಸೇತುಬಂಧ. ವರ್ಷದ ಶುರುವಿನಲ್ಲಿ ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಅಂತ ನೋಡೋಕೆ ನೈದಾನಿಕ ಪರೀಕ್ಷೆ ಮಾಡ್ತಾರೆ. ಬಾರದ್ದನ್ನು ಕಲಿಸಿ, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡ್ತಾರೆ. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದ ಹಾಗೆ ಇದು. ಆರನೇ ಕ್ಲಾಸಿನ ಮಗುವಿಗೆ ದಶಕ ಕೂಡುವ ಲೆಕ್ಕ ಬರುತ್ತೆ, ಭಾಗಾಕಾರ ಬರಲ್ಲ ಅನ್ನೋದು ಜೂನ್ ತಿಂಗಳಲ್ಲೇ ಗೊತ್ತಾಗುತ್ತೆ. ಮನೆಗೆ ಆ ರಿಪೋರ್ಟ್ ಬರೋದು ಅಪರೂಪ.

ಎರಡು, ನಲಿ ಕಲಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಸೇರಿ, ಯುನಿಸೆಫ್ ನೆರವಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಬಂದು ಶುರು ಮಾಡಿದ್ದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಇದರಲ್ಲಿ ಪಾಠಪುಸ್ತಕದ ಬದಲು ಕಾರ್ಡುಗಳು, ಕಲಿಕಾ ಏಣಿ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತೆ. 'ಪ್ರಗತಿ ನೋಟ' ಅನ್ನೋ ಪಟ್ಟಿಯಲ್ಲಿ ಯಾವ ಮಗು ಯಾವ ಮೈಲಿಗಲ್ಲಿನವರೆಗೆ ಬಂದಿದೆ ಅಂತ ಗುರುತು ಹಾಕ್ತಾರೆ. ನಲಿ ಕಲಿಯ ಬಗ್ಗೆ ನೂರು ತಕರಾರಿರಬಹುದು. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಒಬ್ಬರೇ ಶಿಕ್ಷಕರು ನಿಭಾಯಿಸೋದು ಸುಲಭವಲ್ಲ. ಆದರೆ ಓದು ಬಾರದ ಅಮ್ಮನಿಗೂ 'ನಿಮ್ಮ ಮಗಳು ಇಲ್ಲಿದ್ದಾಳೆ, ಮುಂದೆ ಇದು ಕಲೀಬೇಕು' ಅಂತ ಬೆರಳಿಟ್ಟು ತೋರಿಸಬಹುದಾದ ಮೌಲ್ಯಮಾಪನ ನಮ್ಮ ರಾಜ್ಯದಲ್ಲಿ ಹುಟ್ಟಿದ್ದರೆ ಅದು ಇದೇ.

ಮೂರು, ಸಮುದಾಯದತ್ತ ಶಾಲೆ. ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನು ಕರೆಸಿ, ಮಕ್ಕಳ ಕಲಿಕೆಯನ್ನು ಅವರ ಮುಂದಿಟ್ಟು, ಮಕ್ಕಳಿಂದಲೇ ಓದಿಸಿ, ಬರೆಸಿ ತೋರಿಸುವ ಕಾರ್ಯಕ್ರಮ. ಇದು ಚೆನ್ನಾಗಿ ನಡೆದರೆ ಹತ್ತು ಗ್ರೇಡ್ ಕಾರ್ಡಿಗೆ ಸಮ. ಭಾಷಣ, ಹಾರ, ಫೋಟೋಗೆ ಮುಗಿದುಹೋದರೆ ಇನ್ನೊಂದು ಸರ್ಕಾರಿ ಫಂಕ್ಷನ್.

ಮಾಹಿತಿ ಯಾವ ಕಡೆಗೆ ಹರಿಯುತ್ತೆ?

ಸ್ಯಾಟ್ಸ್ ಅನ್ನೋ ಹೆಸರು ಕೇಳಿರ್ತೀರಿ. ವಿದ್ಯಾರ್ಥಿಗಳ ಸಾಧನೆಯನ್ನು ದಾಖಲಿಸೋಕೆ ಶಿಕ್ಷಣ ಇಲಾಖೆ ಮಾಡಿರುವ ಆನ್‌ಲೈನ್ ವ್ಯವಸ್ಥೆ. ಪ್ರತಿ ಮಗುವಿಗೂ ಒಂದು ನಂಬರ್. ದಾಖಲಾತಿ, ವರ್ಗಾವಣೆ, ಅಂಕ ಎಲ್ಲ ಅದರಲ್ಲಿ. ಶಾಲೆ ಬದಲಾಯಿಸಿದಾಗ, ಊರಿಂದ ಬೆಂಗಳೂರಿಗೆ ಬಂದಾಗ ಮಗುವಿನ ಜಾಡು ತಪ್ಪದಿರಲಿ ಅನ್ನೋಕೆ ಇದು ಬೇಕು. ಸುಗ್ಗಿಗೆ, ಜಾತ್ರೆಗೆ ಊರಿಗೆ ಹೋಗಿ ತಿಂಗಳುಗಟ್ಟಲೆ ಬಾರದ ಮಕ್ಕಳಿರುವ ಹೆಗ್ಗನಹಳ್ಳಿಯಂಥ ಕಡೆ ಇನ್ನೂ ಹೆಚ್ಚು ಬೇಕು.

ಆದರೆ ಈ ಮಾಹಿತಿ ಹರಿಯೋದು ಮೇಲಕ್ಕೆ. ಶಾಲೆಯಿಂದ ಕ್ಲಸ್ಟರ್, ಬಿಇಒ ಕಚೇರಿ, ಅಲ್ಲಿಂದ ಮುಂದೆ. 2025-26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನವೂ ಬಂತು. ಒಂದೊಂದು ಪಾಠ ಮುಗಿದ ಮೇಲೂ ಅಳೆಯಬೇಕು, ದಾಖಲಿಸಬೇಕು. ಉದ್ದೇಶ ತಪ್ಪಲ್ಲ. ಶಿಕ್ಷಕರ ಸಂಘಟನೆಗಳ ಆಕ್ಷೇಪವೂ ತಪ್ಪಲ್ಲ: ತಿದ್ದಿ, ಅಪ್‌ಲೋಡ್ ಮಾಡುವಷ್ಟರಲ್ಲಿ ಪಾಠ ಮಾಡುವ ಹೊತ್ತು ಹೋಗುತ್ತೆ. ನನ್ನ ತಕರಾರು ಬೇರೆ. ಅಪ್‌ಲೋಡ್ ಆಗದಿದ್ದರೆ ಮುಖ್ಯ ಶಿಕ್ಷಕರಿಗೆ ಮೇಲಿಂದ ಫೋನ್ ಬರುತ್ತೆ. ಮನೆಗೆ ತಿಳಿಸದಿದ್ದರೆ ಯಾರ ಫೋನೂ ಬರಲ್ಲ. ಶಿಕ್ಷಕರು ಯಾವ ಕೆಲಸವನ್ನು ಮೊದಲು ಮಾಡ್ತಾರೆ ಅನ್ನೋದು ಅಲ್ಲೇ ತೀರ್ಮಾನ ಆಗಿಹೋಗುತ್ತೆ.

ಬೋರ್ಡ್ ಪರೀಕ್ಷೆ ಜಗಳ: ಏನಾಯ್ತು?

ಈಗ ಶುರುವಿನಲ್ಲಿ ಹೇಳಿದ ಆದೇಶಕ್ಕೆ ಬರೋಣ. 2022-23ರಲ್ಲಿ ಸರ್ಕಾರ 5 ಮತ್ತು 8ನೇ ತರಗತಿಗೆ ಶಾಲೆಯ ಬದಲು ರಾಜ್ಯ ಮಟ್ಟದಲ್ಲಿ ಪರೀಕ್ಷೆ ಮಾಡುತ್ತೇವೆ ಅಂದಿತು. ಆ ಕೆಲಸ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯದು. ಖಾಸಗಿ ಅನುದಾನರಹಿತ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. 2023ರ ಮಾರ್ಚ್‌ನಲ್ಲಿ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ತಡೆ ಕೊಟ್ಟಿತು, ಮಾರ್ಚ್ 27ರಿಂದ ಪರೀಕ್ಷೆ ನಡೆಯಿತು.

ಮುಂದಿನ ವರ್ಷ ಸರ್ಕಾರ ಬದಲಾಗಿತ್ತು, ನೀತಿ ಬದಲಾಗಲಿಲ್ಲ. 9 ಮತ್ತು 11ನೇ ತರಗತಿಯೂ ಸೇರಿದವು. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ಮಾರ್ಚ್ 7ರಂದು ವಿಭಾಗೀಯ ಪೀಠ ತಡೆ ನೀಡಿತು. ಮಾರ್ಚ್ 11ರಂದು ಪರೀಕ್ಷೆ ಶುರುವಾಯ್ತು. ಮಾರ್ಚ್ 12ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆಯಿತು, ಪರೀಕ್ಷೆ ನಿಂತಿತು. ಮಾರ್ಚ್ 22ರಂದು ವಿಭಾಗೀಯ ಪೀಠ ಮುಂದುವರಿಸಬಹುದು ಅಂದಿತು. ಮಾರ್ಚ್ 25ರಿಂದ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೆ ತಡೆ. ಹತ್ತು ವರ್ಷದ ಮಗು ಇಂದು ಗಣಿತ ಓದಬೇಕಾ ಬೇಡವಾ ಅಂತ ಟಿವಿ ನೋಡಿ ತಿಳಿದುಕೊಳ್ಳಬೇಕಾದ ತಿಂಗಳು ಅದು.

ಸರ್ಕಾರದ ವಾದ: ಇದರಲ್ಲಿ ಯಾರನ್ನೂ ಫೇಲ್ ಮಾಡಲ್ಲ, ಕಲಿಕೆ ಎಲ್ಲಿದೆ ಅಂತ ತಿಳಿಯೋಕೆ ಮಾತ್ರ, ಎಸ್‌ಎಸ್‌ಎಲ್‌ಸಿಗೆ ಮುಂಚೆ ಮಕ್ಕಳಿಗೆ ಅಭ್ಯಾಸವೂ ಆಗುತ್ತೆ. ವಿರೋಧಿಗಳ ವಾದ: ಆರ್‌ಟಿಇ ಕೇಳೋದು ನಿರಂತರ ಮೌಲ್ಯಮಾಪನ, ಬೋರ್ಡ್ ಪರೀಕ್ಷೆ ಅಲ್ಲ. ಇಂಥ ದೊಡ್ಡ ಬದಲಾವಣೆಯನ್ನು ಸುತ್ತೋಲೆಯಲ್ಲಿ ಮಾಡೋಕಾಗಲ್ಲ.

ಎರಡೂ ಕಡೆಯ ಮಾತಿನಲ್ಲಿ ಸತ್ಯ ಇದೆ. ಎಫ್‌ಎ ಅಂಕಗಳನ್ನು ನಂಬೋಕಾಗಲ್ಲ ಅನ್ನೋದು ಸರ್ಕಾರ ಬಾಯಿಬಿಟ್ಟು ಹೇಳದ ಒಪ್ಪಿಗೆ. ಆದರೆ ಮಾರ್ಚ್ ಕೊನೆಯಲ್ಲಿ ನಡೆದು ಏಪ್ರಿಲ್‌ನಲ್ಲಿ ಫಲಿತಾಂಶ ಬರುವ ಪರೀಕ್ಷೆ ಆ ತರಗತಿಯ ಮಗುವಿಗೆ ಏನು ಕಲಿಸುತ್ತೆ? ಬೇಸಿಗೆ ರಜೆ ಶುರು, ಟೀಚರ್ ಬದಲಾಗ್ತಾರೆ, ಪುಸ್ತಕ ಬದಲಾಗುತ್ತೆ. ಆ ಜಗಳದ ಉದ್ದಕ್ಕೂ ಪರೀಕ್ಷೆ ಯಾರು ಮಾಡಬೇಕು ಅಂತ ವಾದ ನಡೆಯಿತು. ಅದರಿಂದ ಗೊತ್ತಾದದ್ದನ್ನು ಮನೆಗೆ ಹೇಗೆ ತಿಳಿಸಬೇಕು, ತಿಳಿಸಿದ ಮೇಲೆ ಮಗುವಿಗೆ ಏನು ಸಹಾಯ ಸಿಗಬೇಕು ಅನ್ನೋದು ಬದಿಗೆ ಸರಿಯಿತು.

ತಡವಾಗಿ ಗೊತ್ತಾದರೆ ಬೆಲೆ ಏನು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿ. 2023ರಲ್ಲಿ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯ್ತು. ಗ್ರೇಸ್ ಅಂಕದ ಪ್ರಮಾಣವನ್ನು ಹೆಚ್ಚಿಸಿದರೂ ಪರೀಕ್ಷೆ-1ರ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. 2025ರ ಪರೀಕ್ಷೆ-1ರಲ್ಲಿ ಶೇ. 62.34.

ಎರಡೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರು ಅಂತ ಯಾರೂ ನಂಬಲ್ಲ. ಮೊದಲಿಂದ ಇದ್ದ ಕೊರತೆ ಕ್ಯಾಮೆರಾ ಮುಂದೆ ಕಾಣಿಸಿಕೊಂಡಿತು ಅಷ್ಟೇ. ಫೇಲಾದ ಮಕ್ಕಳ ಅಪ್ಪ ಅಮ್ಮ ಒಂಬತ್ತು ವರ್ಷ ಕಾರ್ಡಿಗೆ ಸಹಿ ಹಾಕಿದವರೇ. ಎ, ಬಿ+ ನೋಡಿಕೊಂಡು ಬಂದವರೇ. ಅವರಿಗೆ ಮೊದಲ ಸಲ ಸತ್ಯ ಗೊತ್ತಾದದ್ದು ಹತ್ತನೇ ಕ್ಲಾಸಿನ ರಿಸಲ್ಟ್ ದಿನ. ಈಗ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು, ಅದು ಒಳ್ಳೆಯದು. ಪಾಸ್ ಅಂಕವನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಪ್ರಕಟಿಸಿತು. ಬಾಗಿಲು ಸ್ವಲ್ಪ ಅಗಲ ಆಯ್ತು. ಭಾಗಾಕಾರ ಬಾರದ್ದು ಆರನೇ ಕ್ಲಾಸಿನಲ್ಲಿ ಗೊತ್ತಾಗದೆ ಹೋದ ಮಗುವಿಗೆ ಅದರಿಂದ ಭಾಗಾಕಾರ ಬರಲ್ಲ.

ಪೀಣ್ಯದ ಪಕ್ಕದಲ್ಲಿ ಇದರ ಬೆಲೆ ಕಣ್ಣಿಗೆ ಕಾಣುತ್ತೆ. ಹತ್ತು ಫೇಲಾದ ಹುಡುಗನಿಗೆ ಹೆಲ್ಪರ್ ಕೆಲಸ ಮಾರನೇ ದಿನವೇ ಸಿಗುತ್ತೆ. ಹುಡುಗಿಗೆ ಗಾರ್ಮೆಂಟ್ಸ್, ಇಲ್ಲಾಂದ್ರೆ ಮದುವೆ ಮಾತು. ಶಾಲೆ ಒಂದು ವಿಷಯವನ್ನು ಮೂರು ವರ್ಷ ತಡವಾಗಿ ಹೇಳಿದ್ದರ ಲೆಕ್ಕ ಹೀಗೆ ಚುಕ್ತಾ ಆಗುತ್ತೆ.

ಮೀಟಿಂಗ್ ಯಾಕೆ ಕೆಲಸ ಮಾಡಲ್ಲ?

'ಪೇರೆಂಟ್ಸೇ ಬರಲ್ಲ ಸಾರ್' ಅನ್ನೋದು ಶಾಲೆಗಳ ಮಾಮೂಲಿ ದೂರು. ಬರದಿರೋಕೆ ಕಾರಣಗಳಿವೆ.

ಸಮಯ: ಕೆಲಸದ ದಿನ ಬೆಳಗ್ಗೆ ಮೀಟಿಂಗ್ ಇಟ್ಟರೆ ಗಾರ್ಮೆಂಟ್ಸ್ ಅಮ್ಮನಿಗೆ ಒಂದು ದಿನದ ಸಂಬಳ ಕಟ್. ಅಟೆಂಡೆನ್ಸ್ ಬೋನಸ್ ಇರುವ ಕಡೆ ಅದೂ ಹೋಗುತ್ತೆ. ಐದು ನಿಮಿಷದ ಮಾತಿಗೆ ಅದು ದುಬಾರಿ.

ಭಾಷೆ: ಇಂಗ್ಲಿಷ್ ಮೀಡಿಯಂ ಶಾಲೆಯ ಕಾರ್ಡು, ವಾಟ್ಸಾಪ್ ಮೆಸೇಜು ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಓದುವ ಅಮ್ಮನಿಗೆ ಅದನ್ನು ಓದಿ ಹೇಳೋದು ಅದೇ ಮಗು. ತನ್ನ ಬಗ್ಗೆ ಇರುವ ದೂರನ್ನು ಯಾವ ಮಗು ನೆಟ್ಟಗೆ ಅನುವಾದ ಮಾಡುತ್ತೆ ಹೇಳಿ?

ಅವಮಾನ: ಎಲ್ಲರ ಮುಂದೆ ಅಂಕ ಓದಿ, 'ಮನೇಲಿ ಸ್ವಲ್ಪ ಗಮನ ಕೊಡಿ' ಅಂದುಬಿಟ್ಟರೆ ಮುಂದಿನ ಸಲ ಅವರು ಬರಲ್ಲ. ಮನೆಗೆ ಹೋದ ಮೇಲೆ ಮಗುವಿಗೆ ಏಟು. ಮಗುವಿಗೆ ಮಾನಸಿಕ ಹಿಂಸೆ ಕೊಡೋದನ್ನು ಆರ್‌ಟಿಇಯ ಸೆಕ್ಷನ್ 17 ನಿಷೇಧಿಸಿದೆ. ಅಂಕದ ಪಟ್ಟಿಯನ್ನು ಹೆಸರು ಸಮೇತ ಗ್ರೂಪಿಗೆ ಹಾಕುವ ಶಾಲೆಗಳು ಇದನ್ನು ಒಮ್ಮೆ ಓದಿಕೊಳ್ಳಲಿ.

ಫೀಸ್: ಬಾಕಿ ಇದ್ದರೆ ಕಾರ್ಡು ಕೊಡಲ್ಲ ಅನ್ನೋದು ಖಾಸಗಿ ಶಾಲೆಗಳಲ್ಲಿ ಹಳೇ ಅಸ್ತ್ರ. ಎಂಟನೇ ತರಗತಿ ಮುಗಿಯುವವರೆಗೆ ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸೋಕೆ ಟಿಸಿ ತಡವಾಗಿದೆ ಅನ್ನೋದು ಅಡ್ಡಿಯಾಗಬಾರದು ಅಂತ ಸೆಕ್ಷನ್ 5 ಹೇಳುತ್ತೆ. ಟಿಸಿ ಕೊಡೋಕೆ ತಡ ಮಾಡಿದರೆ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೂ ಅಲ್ಲಿ ಅವಕಾಶ ಇದೆ.

ಮುಂದಿನ ಮೀಟಿಂಗಿಗೆ ನೀವು ಹೋದರೆ ಏನು ಕೇಳಬೇಕು?

'ಹೇಗೆ ಓದ್ತಾನೆ?' ಅಂತ ಕೇಳಬೇಡಿ. 'ಪರವಾಗಿಲ್ಲ, ಇನ್ನೂ ಸ್ವಲ್ಪ ಓದಬೇಕು' ಅನ್ನೋ ಉತ್ತರ ಸಿದ್ಧವಾಗಿರುತ್ತೆ. ಇವನ್ನು ಕೇಳಿ.

1. ಎಫ್‌ಎ ಎಷ್ಟು, ಎಸ್‌ಎ ಎಷ್ಟು, ಬೇರೆ ಬೇರೆ ಹೇಳಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಯಾಕೆ?

2. ಸೇತುಬಂಧದಲ್ಲಿ ಯಾವ ಕಲಿಕೆಗಳು ಬಾಕಿ ಇದ್ದವು? ಈಗ ಎಷ್ಟು ಸರಿಹೋಗಿದೆ?

3. ತಿದ್ದಿದ ಉತ್ತರ ಪತ್ರಿಕೆ ಮತ್ತು ಕೃತಿ ಸಂಪುಟ ತೋರಿಸಿ. ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಇದೆ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಸಿಬಿಎಸ್‌ಇಯ ಪ್ರಕರಣವೊಂದರಲ್ಲಿ ಹೇಳಿದೆ. ಆರನೇ ಕ್ಲಾಸಿನ ಪತ್ರಿಕೆಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಕೇಳಿದರೆ ಸಾಕು.

4. ಈ ತಿಂಗಳು ಮನೆಯಲ್ಲಿ ಮಾಡಬಹುದಾದ ಒಂದೇ ಒಂದು ಕೆಲಸ ಏನು?

5. ಹಾಜರಿ ಎಷ್ಟು? ಯಾವ ದಿನಗಳಲ್ಲಿ ತಪ್ಪಿದೆ?

ಇವಿಷ್ಟರ ಜೊತೆ ಮನೆಯಲ್ಲೂ ಒಂದು ಕೆಲಸ ಮಾಡಿ. ಮಗುವಿನ ಕೈಯಲ್ಲಿ ಎರಡು ತರಗತಿ ಕೆಳಗಿನ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ, ಒಂದು ಭಾಗಾಕಾರ ಮಾಡಿಸಿ. ಪ್ರಥಮ್ ಸಂಸ್ಥೆ 2005ರಿಂದ ಅಸರ್ ಸಮೀಕ್ಷೆಯಲ್ಲಿ ಮಾಡುತ್ತಿರೋದು ಹೆಚ್ಚು ಕಡಿಮೆ ಇದನ್ನೇ. ಎರಡನೇ ತರಗತಿ ಮಟ್ಟದ ಪಠ್ಯ, ಸರಳ ಲೆಕ್ಕ, ಮನೆ ಬಾಗಿಲಲ್ಲೇ. ಆದರೆ ಅಸರ್ ಗ್ರಾಮೀಣ ಮನೆಗಳ ಸಮೀಕ್ಷೆ. ಹೆಗ್ಗನಹಳ್ಳಿ ಹೆಸರಿನಲ್ಲಿ ಹಳ್ಳಿ ಇದ್ದರೂ ಅಲ್ಲಿಗೆ ಅದು ಬರಲ್ಲ. ನಮ್ಮ ಬೀದಿಯ ಅಸರ್ ನಾವೇ ಮಾಡ್ಕೋಬೇಕು. ಅದಕ್ಕೆ ಹತ್ತು ನಿಮಿಷ ಸಾಕು, ಬೈಯದೆ ಮಾಡಿದರೆ.

ಸರ್ಕಾರ ಏನು ಮಾಡಬಹುದು?

ರಾಷ್ಟ್ರೀಯ ಶಿಕ್ಷಣ ನೀತಿ 2020 ಸಮಗ್ರ ಪ್ರಗತಿ ಪತ್ರ ಬೇಕು ಅಂದಿತು. ಟೀಚರ್ ಜೊತೆಗೆ ಮಗು ತನ್ನನ್ನು ತಾನೇ ಅಳೆದುಕೊಳ್ಳಬೇಕು, ಗೆಳೆಯರೂ ಹೇಳಬೇಕು, ಅದು ಮನೆಗೂ ಶಾಲೆಗೂ ಕೊಂಡಿ ಆಗಬೇಕು ಅನ್ನೋದು ಆಲೋಚನೆ. ಕರ್ನಾಟಕ ಆ ನೀತಿ ಬೇಡ ಅಂತ ತನ್ನದೇ ಆಯೋಗ ಮಾಡಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ಆ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ನೀತಿ ಯಾರದ್ದೇ ಇರಲಿ, ಕಾರ್ಡಿನ ಬಣ್ಣ, ಪುಟ ಹೆಚ್ಚಾದ ಮಾತ್ರಕ್ಕೆ ಏನೂ ಬದಲಾಗಲ್ಲ. ಐವತ್ತು ಮಕ್ಕಳಿಗೆ ಇಪ್ಪತ್ತು ಪುಟ ತುಂಬಬೇಕಾದ ಟೀಚರ್ ಎಲ್ಲರಿಗೂ ಒಂದೇ ವಾಕ್ಯ ಬರೀತಾರೆ.

ಬೇಕಾಗಿರೋದು ಸಣ್ಣ ಕೆಲಸಗಳು. ಸೇತುಬಂಧದ ಫಲಿತಾಂಶವನ್ನು ಜುಲೈ ಹೊತ್ತಿಗೆ ಮನೆಗೆ ಕಳಿಸೋದು ಕಡ್ಡಾಯ ಆಗಲಿ: ಕನ್ನಡದಲ್ಲಿ, ಅಥವಾ ಮನೆಯ ಭಾಷೆಯಲ್ಲಿ, ಬರುವ ಮೂರು ವಿಷಯ, ಬಾರದ ಮೂರು ವಿಷಯ. ಓದೋಕೆ ಬಾರದವರಿಗೆ ಒಂದು ನಿಮಿಷದ ವಾಯ್ಸ್ ಮೆಸೇಜ್. ಸ್ಯಾಟ್ಸ್‌ಗೆ ಅಂಕ ಹೋದ ದಿನವೇ ಅದು ಪೋಷಕರ ಮೊಬೈಲಿಗೂ ಹೋಗಲಿ. ಕೈಗಾರಿಕಾ ಪ್ರದೇಶದ ಶಾಲೆಗಳಲ್ಲಿ ಮೀಟಿಂಗ್ ಭಾನುವಾರ ಅಥವಾ ಸಂಜೆ ಇರಲಿ, ಅದಕ್ಕೆ ಶಿಕ್ಷಕರಿಗೆ ಬದಲಿ ರಜೆ ಕೊಡಲಿ. ಸೆಕ್ಷನ್ 21ರಂಥ ಪೋಷಕರ ಸಮಿತಿಯನ್ನು ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೂ ತರುವ ಚರ್ಚೆ ಶುರುವಾಗಲಿ.

ಇದ್ಯಾವುದಕ್ಕೂ ಹೊಸ ಪರೀಕ್ಷೆ ಬೇಕಾಗಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಗಿಲ್ಲ. ಅಳತೆ ಈಗಾಗಲೇ ನಡೆದಿದೆ. ಗೊತ್ತಾದದ್ದನ್ನು ಮಗು ಇನ್ನೂ ಅದೇ ಕ್ಲಾಸಿನಲ್ಲಿರುವಾಗ ಮನೆಗೆ ಹೇಳಬೇಕು, ಅಷ್ಟೇ. ಎಸ್‌ಎ-1 ಆದ ಮೇಲೆ ನಿಮ್ಮ ಮನೆಗೂ ಒಂದು ಕಾರ್ಡು ಬರುತ್ತೆ. ಅದರ ಗೆರೆ ಮೇಲೆ ಸಹಿ ಹಾಕುವ ಮುಂಚೆ ಆ ಐದು ಪ್ರಶ್ನೆ ಕೇಳಿ ಬನ್ನಿ.